ಕಾರಿನ ಹಿಂದೆ ನಿಲ್ಲುವ ಕೆಲಸ

ಹಿಂದಕ್ಕೆ ಬರುವಾಗ ಹಾಡು ಹೇಳುವ ಕಾರನ್ನು ಮೊದಲು ಮಾಡಿದವರು ಯಾರೋ ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ನಾವು ಹೊಳೆನರಸೀಪುರ ಬಿಟ್ಟು ಹಾಸನದಲ್ಲಿ ಸ್ವಂತ ಮನೆ ಕಟ್ಟಿಸಿಕೊಂಡು ಬಂದ ಹೊಸದರಲ್ಲಿ, ಬೆಳಿಗ್ಗೆ ಆಫೀಸಿನ ಹೊತ್ತಿಗೆ ನಮ್ಮ ಬೀದಿಯ ಒಂದೊಂದು ಗೇಟಿನಿಂದಲೂ ಒಂದೊಂದು ಕಾರು ಬೆನ್ನು ಮುಂದೆ ಮಾಡಿಕೊಂಡು ಹೊರಗೆ ಬರುತ್ತಿತ್ತು. ಬರುತ್ತಾ ಒಂದು ಭಜನೆಯ ಧಾಟಿಯನ್ನೋ ಹುಟ್ಟುಹಬ್ಬದ ಧಾಟಿಯನ್ನೋ ನೆಗಡಿಯಾದ ಮೂಗಿನಲ್ಲಿ ಹಾಡುತ್ತಿತ್ತು. ಎದುರು ಮನೆಯ ಬ್ಯಾಂಕಿನವರ ಕಾರು ದೇವರನ್ನು ಕರೆದು ಮುಗಿಸುವಷ್ಟರಲ್ಲಿ ಪಕ್ಕದ ಮನೆಯ ಡಾಕ್ಟರ ಕಾರು ಯಾರಿಗೋ ಶುಭಾಶಯ ಹೇಳುವುದಕ್ಕೆ ಶುರು ಮಾಡುತ್ತಿತ್ತು. ಕಾಫಿ ಲೋಟ ಹಿಡಿದು ಹೊರಗೆ ನಿಂತವಳು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅದು ಎಚ್ಚರಿಕೆಯಂತೆ. ಯಾರಿಗೆ ಎಚ್ಚರಿಕೆ? ದಾರಿಯಲ್ಲಿ ನಡೆಯುವವರು ಹೆದರಿ ಪಕ್ಕಕ್ಕೆ ಸರಿಯಬೇಕು, ಕಾರಿನಲ್ಲಿ ಕೂತವರು ಮಾತ್ರ ಕತ್ತು ತಿರುಗಿಸಿ ನೋಡುವ ತೊಂದರೆ ತೆಗೆದುಕೊಳ್ಳಬಾರದು. ಅಷ್ಟಕ್ಕೇ ಮಾಡಿದ ಯಂತ್ರ ಅದು.

ನಮ್ಮ ಮನೆಯಲ್ಲಿ ಆ ಯಂತ್ರ ಇರಲಿಲ್ಲ. ಅಮ್ಮ ಇದ್ದಳು.

ಅಪ್ಪ ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದವರು. ಹೊಳೆನರಸೀಪುರದಲ್ಲಿ ಕೆಲಸದ ಓಡಾಟಕ್ಕೆಲ್ಲ ಇಲಾಖೆಯ ಜೀಪು, ಇಲಾಖೆಯ ಡ್ರೈವರು. ಅವರು ಹೇಳಿದ ಕಡೆ ನಾಲೆಯ ತೂಬು ಎದ್ದಿದೆ, ಇಳಿದಿದೆ. ಅಂಥವರು ತೊಂಬತ್ತರ ದಶಕದ ಮೊದಲ ಭಾಗದಲ್ಲಿ, ನಾನಿನ್ನೂ ಕಾಲೇಜಿಗೆ ಹೋಗುತ್ತಿದ್ದಾಗ, ಯಾರೋ ಗುತ್ತಿಗೆದಾರರಿಂದ ಒಂದು ಹಳೇ ಬಿಳಿ ಕಾರು ಕೊಂಡು ತಾವೇ ಓಡಿಸಲು ಹೊರಟರು. ಮುಂದಕ್ಕೆ ಓಡಿಸುವುದೇನೋ ಬಂತು. ಹಿಂದಕ್ಕೆ ತೆಗೆಯುವುದು ಬರಲಿಲ್ಲ, ಕೊನೆಯವರೆಗೂ ಬರಲಿಲ್ಲ. ಹೊರಗಿನ ಕನ್ನಡಿಯನ್ನು ಯಾರಾದರೂ ಸೈಕಲ್ಲಿನವರು ತಗುಲಿಸಿ ಒಡೆದಾರು ಎಂದು ಅದನ್ನು ಸದಾ ಮಡಚಿಟ್ಟಿರುತ್ತಿದ್ದರು. ಒಳಗಿನ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದರು. ಇನ್ನು ಕತ್ತು ತಿರುಗಿಸುವುದು ಡ್ರೈವರುಗಳ ಕೆಲಸವೇ ಹೊರತು ಇಂಜಿನಿಯರರದಲ್ಲ ಎಂದು ಅವರಿಗೆ ಯಾರು ಹೇಳಿಕೊಟ್ಟಿದ್ದರೋ.

ಆದ್ದರಿಂದ ಕಾರು ಹಿಂದಕ್ಕೆ ಹೋಗಬೇಕಾದಾಗಲೆಲ್ಲ ಅಮ್ಮ ಇಳಿಯಬೇಕು. ಮದುವೆ ಮನೆಗೆ ಹೊರಟಿದ್ದರೆ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಇಳಿಯಬೇಕು. ಕೆಸರಿದ್ದರೆ ಕೆಸರಿಗೆ, ಸಗಣಿಯಿದ್ದರೆ ಸಗಣಿಗೆ ಇಳಿಯಬೇಕು. ಕಾರಿನ ಹಿಂದೆ ಹೋಗಿ ನಿಂತು, ಕೈ ಆಡಿಸುತ್ತಾ, ‘ಬರ್ಲಿ, ಬರ್ಲಿ, ಬರ್ಲಿ’ ಎಂದು ಕೂಗಬೇಕು. ಬಸ್ಸಿನ ಕಂಡಕ್ಟರಿಗಾದರೆ ಬಾಯಲ್ಲಿ ಸೀಟಿ ಇರುತ್ತದೆ, ತಗಡಿನ ಮೇಲೆ ಬಡಿಯಲು ಅಂಗೈ ಇರುತ್ತದೆ. ಅವನು ಬಡಿದರೆ ಡ್ರೈವರ್ ನಿಲ್ಲಿಸಲೇಬೇಕು. ಅಮ್ಮನಿಗೆ ಇದ್ದದ್ದು ಗಂಟಲು ಮಾತ್ರ, ಅದೂ ಹಾಡು ಹೇಳಿ ಮೆದುವಾದ ಗಂಟಲು. ಅವಳು ‘ಸಾಕು’ ಎಂದರೆ ಅಪ್ಪ ಇನ್ನೂ ಒಂದು ಗೇಣು ಬರುತ್ತಿದ್ದರು. ‘ಸಾಕೂ ಅಂದ್ರೆ’ ಎಂದರೆ ಇನ್ನೂ ಅರ್ಧ ಗೇಣು. ಹೆಂಗಸರು ಯಾವಾಗಲೂ ಮೊದಲೇ ಹೆದರಿಕೊಳ್ಳುತ್ತಾರೆ, ಅದಕ್ಕೆ ಸ್ವಲ್ಪ ಕಳೆದು ಲೆಕ್ಕ ಹಾಕಬೇಕು ಎಂಬುದು ಅವರ ಇಂಜಿನಿಯರಿಂಗು. ನನಗೆ ಆ ವಯಸ್ಸಿನಲ್ಲೇ ಒಂದು ಹೆದರಿಕೆ ಹೊಕ್ಕಿತ್ತು. ಒಂದು ದಿನ ಇವರು ನಿಲ್ಲಿಸುವುದಿಲ್ಲ, ಅಮ್ಮ ಹಿಂದೆ ಇರುತ್ತಾಳೆ. ಆ ಹೆದರಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಎಲ್ಲ ಮದುವೆ ಮುಂಜಿಗಳಿಗೂ ಹೋಗಿ ಬಂದಿದ್ದೇನೆ.

ಅರಕಲಗೂಡಿನ ಕೋಟೆಯಲ್ಲಿ ಅಮ್ಮನ ತವರು. ಅಲ್ಲಿ ನನ್ನ ಸೋದರಮಾವನ ಮನೆಯಿರುವ ಓಣಿ ಕಾರಿಗಾಗಿ ಮಾಡಿದ್ದಲ್ಲ, ಎತ್ತಿನ ಗಾಡಿಗೂ ಮಾಡಿದ್ದಲ್ಲ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬಾಯಿ ತೆರೆದ ಮೋರಿ. ಒಳಗೆ ನೇರ ಹೋಗಬಹುದು, ಬರುವಾಗ ಮಾತ್ರ ಹಿಂದು ಹಿಂದಕ್ಕೇ ಬರಬೇಕು. ಓಣಿಯ ಬಾಯಲ್ಲೇ ನಿಲ್ಲಿಸಿ ನಡೆದು ಹೋಗೋಣ ಎಂದು ಅಮ್ಮ ಪ್ರತಿ ಸಲ ಹೇಳುತ್ತಿದ್ದಳು. ಹೆಂಡತಿಯ ಮನೆಯ ಬಾಗಿಲಿಗೇ ಕಾರು ಹೋಗಿ ನಿಲ್ಲದಿದ್ದರೆ ಕಾರು ತಗೊಂಡು ಏನು ಬಂತು ಎಂದು ಅಪ್ಪ ಪ್ರತಿ ಸಲ ಒಳಗೇ ನುಗ್ಗುತ್ತಿದ್ದರು. ಅಂಥ ಒಂದು ಸಲ ಅಮ್ಮ ಮೋರಿಯ ಪಕ್ಕ ನಿಂತು ‘ಸಾಕು, ಎಡಕ್ಕೆ ಹೋಗ್ತಿದೆ’ ಎಂದಳು. ಅಪ್ಪ ತಮ್ಮ ಕಳೆಯುವ ಲೆಕ್ಕ ಕಳೆದರು. ಹಿಂದಿನ ಚಕ್ರ ಮೋರಿಗೆ ಇಳಿದು, ಮೋರಿಯ ಕಪ್ಪು ನೀರು ಎದ್ದು ಅಮ್ಮನ ಮೊಣಕಾಲಿನ ತನಕ ಹೊಡೆಯಿತು. ಓಣಿಯ ಜನವೆಲ್ಲ ಬಂದು ಕಾರನ್ನು ಎತ್ತಿದರು. ಅಪ್ಪ ಇಳಿದು ಬಂದವರು ಅಮ್ಮನನ್ನು ಅಷ್ಟು ಜನರ ಎದುರಿಗೆ ಕೇಳಿದ್ದು, ‘ಸ್ವಲ್ಪ ಜೋರಾಗಿ ಹೇಳೋಕೇನಾಗಿತ್ತು ನಿಂಗೆ?’ ಎಂದು. ಅಮ್ಮ ಸೀರೆಯ ಅಂಚು ಹಿಂಡುತ್ತಾ ಮಾವನ ಮನೆಯ ಹಿತ್ತಿಲಿಗೆ ಹೋದಳು. ಆ ನೀರಿನ ವಾಸನೆ ಹೊಳೆನರಸೀಪುರದ ತನಕ ನಮ್ಮ ಜೊತೆಗೇ ಬಂತು. ಅದನ್ನು ನೆನೆದರೆ ನನಗೆ ಈಗಲೂ ವಾಕರಿಕೆ ಬರುತ್ತದೆ, ಮೋರಿಗಾಗಿ ಅಲ್ಲ.

ಆ ಕಾರಿಗೂ ಎಚ್ಚರಿಸುವುದಕ್ಕೆ ಒಂದು ದಾರಿ ಇತ್ತು. ಸ್ಟೀರಿಂಗಿನ ಹಿಂದೆ ಒಂದು ಸಣ್ಣ ಕೆಂಪು ದೀಪ. ಎಂಜಿನ್ನಿಗೆ ಎಣ್ಣೆ ಸಾಲದಿದ್ದರೆ ಅದು ಹತ್ತುತ್ತದೆ. ಒಂದು ಬೇಸಿಗೆಯಲ್ಲಿ ಅದು ಹತ್ತಿತು, ಹತ್ತಿದ್ದು ಆರಲಿಲ್ಲ. ಪಕ್ಕದ ಸೀಟಿನಲ್ಲಿ ಕೂತ ಅಮ್ಮನಿಗೆ ಅದು ನೇರ ಕಣ್ಣಿಗೆ ಬೀಳುತ್ತಿತ್ತು. ಅದೇನೋ ಕೆಂಪಗೆ ಉರೀತಿದೆ ನೋಡಿ ಎಂದಳು. ಹಳೇ ಕಾರಿನಲ್ಲಿ ವೈರಿಂಗ್ ಹೀಗೇ, ಸುಮ್ಮಸುಮ್ಮನೆ ಉರಿಯುತ್ತವೆ ಎಂದು ಅಪ್ಪ ಹೇಳಿದರು. ಆದರೂ ಆ ದೀಪ ಅವರ ಕಣ್ಣನ್ನೂ ಚುಚ್ಚುತ್ತಿದ್ದಿರಬೇಕು. ಮುಂದಿನ ಶನಿವಾರ ದೇವಸ್ಥಾನದ ಮುಂದಿನ ಅಂಗಡಿಯಲ್ಲಿ ಮನೆದೇವರ ಚಿತ್ರವಿರುವ ಒಂದು ಅಂಟುಚೀಟಿ ತಂದು ಸರಿಯಾಗಿ ಆ ದೀಪದ ಮೇಲೇ ಅಂಟಿಸಿದರು. ಕೆಳಗೆ ದೀಪ ಉರಿದಾಗ ದೇವರ ಮುಖ ಕೆಂಪಗೆ ಬೆಳಗುತ್ತಿತ್ತು. ಅದನ್ನು ನೋಡಿ ಮನೆಗೆ ಬಂದವರೆಲ್ಲ ಭೇಷ್ ಎಂದರು. ಒಬ್ಬರು ತಮ್ಮ ಕಾರಿಗೂ ಅಂಥದೇ ಬೇಕು ಎಂದರು.

ಮಲ್ಲಿಪಟ್ಟಣದಲ್ಲಿ ನೆಂಟರ ಮನೆಯ ಮುಂಜಿಗೆ ಹೊರಟಾಗ ಅರಕಲಗೂಡು ದಾಟಿದ ಮೇಲೆ ಎಂಜಿನ್ ಒಂದು ಸಲ ಕರಕರ ಅಂದು ಕಚ್ಚಿಕೊಂಡು ನಿಂತಿತು. ಎರಡು ಕಡೆಯೂ ಆಲೂಗೆಡ್ಡೆ ಹೊಲ, ತಲೆಯ ಮೇಲೆ ಸುಡು ಬಿಸಿಲು, ಬಾನೆಟ್ಟಿನಿಂದ ಹೊಗೆ. ದಾರಿಯಲ್ಲಿ ಸಿಕ್ಕಿದ ಟ್ರ್ಯಾಕ್ಟರಿನವನು ಮಲ್ಲಿಪಟ್ಟಣದ ತನಕ ಎಳೆದುಕೊಂಡು ಹೋದ. ಅಲ್ಲಿನ ಮೆಕ್ಯಾನಿಕ್ಕು ಒಳಗೆಲ್ಲ ನೋಡಿ, ಎಣ್ಣೆಯೇ ಇಲ್ಲ, ದೀಪ ಹತ್ತಿರಲಿಲ್ಲವೇ ಎಂದು ಕೇಳಿದ. ಅಮ್ಮ ದೇವರ ಚಿತ್ರದ ಕಡೆ ಬೆರಳು ತೋರಿಸಿದಳು. ಈಗಲಾದರೂ ಒಬ್ಬ ಹೊರಗಿನವನು ಅಪ್ಪನ ಮುಖಕ್ಕೆ ಹೇಳುತ್ತಾನೆ ಎಂದು ನಾನು ಕಾದೆ. ಅವನು ಚಪ್ಪಲಿ ಬಿಟ್ಟು, ಕೈಯಲ್ಲಿದ್ದ ಗ್ರೀಸನ್ನು ಪ್ಯಾಂಟಿಗೆ ಒರೆಸಿಕೊಂಡು, ಚೀಟಿಯನ್ನು ಉಗುರಿನಲ್ಲಿ ನಾಜೂಕಾಗಿ ಎಬ್ಬಿಸಿ ಕಣ್ಣಿಗೊತ್ತಿಕೊಂಡ. ‘ದ್ಯಾವ್ರು ಅಡ್ಡ ನಿಂತಿದ್ಕೆ ಇಷ್ಟ್ರಲ್ಲೇ ಓಯ್ತು ಸಾ. ಇಲ್ದಿದ್ರೆ ಬೆಂಕಿನೇ ಅತ್ಕಳದು’ ಎಂದ. ಚೀಟಿಯನ್ನು ಪಕ್ಕದಲ್ಲಿದ್ದ, ಪೆಟ್ರೋಲ್ ಎಷ್ಟಿದೆ ಎಂದು ತೋರಿಸುವ ಮುಳ್ಳಿನ ಮೇಲೆ ಅಂಟಿಸಿದ. ಅಪ್ಪ ತಲೆಯಾಡಿಸಿದರು. ಆ ಗಂಡಸರಿಬ್ಬರ ಮುಖದ ಮೇಲಿನ ಸಮಾಧಾನ ನೋಡಿ ನನಗೆ ಮೈಯೆಲ್ಲ ಉರಿಯಿತು. ದೇವರಿಗಿಂತ ಮೊದಲು ಅಮ್ಮ ಅಡ್ಡ ನಿಂತು ಹೇಳಿದ್ದಳು ಎಂಬುದು ಯಾರಿಗೂ ನೆನಪಾಗಲಿಲ್ಲ.

ಅಪ್ಪ ನಿವೃತ್ತರಾಗಿ ನಾವು ಹಾಸನಕ್ಕೆ ಬಂದ ಮೇಲೆ, ಎರಡು ಸಾವಿರದ ಇಸವಿಯೂ ದಾಟಿದ ಮೇಲೆ, ಷೋರೂಮಿನಿಂದಲೇ ಹೊಸ ಕಾರು ಬಂತು. ನಾನು ಆಗ ಚನ್ನರಾಯಪಟ್ಟಣದ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುತ್ತಿದ್ದೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಹೊಸ ಕಾರು ಎಲ್ಲದಕ್ಕೂ ಬಾಯಿ ಮಾಡುತ್ತಿತ್ತು. ಬಾಗಿಲು ಸರಿಯಾಗಿ ಹಾಕದಿದ್ದರೆ ಒಂದು ಸದ್ದು, ಬೀಗದ ಕೈ ಅದರಲ್ಲೇ ಬಿಟ್ಟರೆ ಇನ್ನೊಂದು, ಬೆಲ್ಟು ಹಾಕದಿದ್ದರೆ ಮತ್ತೊಂದು. ಬೆಲ್ಟಿನ ಸದ್ದಿಗೆ ಅಪ್ಪನ ಸ್ನೇಹಿತರೊಬ್ಬರು ಮೊದಲ ವಾರದಲ್ಲೇ ಔಷಧಿ ತಂದುಕೊಟ್ಟರು. ಬೆಲ್ಟಿಲ್ಲದ ಬರೀ ಕೊಕ್ಕೆ, ಅದನ್ನು ಬೆಲ್ಟಿನ ಬಾಯಿಗೆ ತುರುಕಿದರೆ ಕಾರು ಬೆಲ್ಟು ಹಾಕಿದ್ದಾರೆಂದು ನಂಬಿಕೊಂಡು ಸುಮ್ಮನಾಗುತ್ತದೆ. ಎಂಥ ಬುದ್ಧಿ. ಪ್ರಾಣ ಉಳಿಸುವ ವಸ್ತುವಿಗೆ ಸುಳ್ಳು ಹೇಳುವುದಕ್ಕೆಂದೇ ಒಂದು ವಸ್ತು, ಅದು ಹಾಸನದ ಅಂಗಡಿಗಳಲ್ಲಿ ಹೂವಿನ ಹಾರದ ಪಕ್ಕದಲ್ಲೇ ತೂಗುಹಾಕಿರುತ್ತಿತ್ತು. ಕೊಡುವವರಿಗೂ ನಾಚಿಕೆಯಿಲ್ಲ, ತೆಗೆದುಕೊಳ್ಳುವವರಿಗೂ ಇಲ್ಲ.

ಅಷ್ಟು ಹೊತ್ತಿಗೆ ಅಮ್ಮನ ಮೊಣಕಾಲು ಹೋಗಿದ್ದವು. ಹತ್ತಿ ಇಳಿಯುವುದು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದರು. ಆದರೂ ಹೊಸ ಕಾರಿನ ಹಿಂದೆಯೂ ಅವಳೇ ನಿಲ್ಲುತ್ತಿದ್ದಳು, ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈ ಗಾಳಿಯಲ್ಲಿ. ನಾನು ಇದ್ದಾಗ ನಾನು ಇಳಿಯುತ್ತಿದ್ದೆ. ಎಷ್ಟು ಸಲ ಜಗಳವಾಡಿದ್ದೇನೆ, ಎಷ್ಟು ಸಲ ಕತ್ತು ತಿರುಗಿಸಿ ನೋಡಿ ಎಂದು ಬೇಡಿಕೊಂಡಿದ್ದೇನೆ. ಕೊನೆಗೆ ಅಪ್ಪನ ಮನಸ್ಸು ಬದಲಾದದ್ದು ಅಮ್ಮನ ಕಾಲಿನಿಂದಲ್ಲ, ಎದುರು ಮನೆ ಬ್ಯಾಂಕಿನವರ ಕಾಂಪೌಂಡಿಗೆ ತಾಗಿ ಹೊಸ ಬಂಪರಿನ ಬಣ್ಣ ಎದ್ದದ್ದರಿಂದ. ಚನ್ನರಾಯಪಟ್ಟಣದಲ್ಲಿ ಹೆದ್ದಾರಿ ಪಕ್ಕದ ಒಂದು ಕಾರು ಅಲಂಕಾರದ ಅಂಗಡಿಯಲ್ಲಿ ಬಂಪರಿಗೆ ತೂತು ಕೊರೆದು ನಾಲ್ಕು ಗುಂಡನೆಯ ಕಣ್ಣು ಕೂರಿಸಿಕೊಟ್ಟರು. ಹಿಂದೆ ಏನಾದರೂ ಇದ್ದರೆ ಒಳಗೆ ಸ್ಟೀರಿಂಗಿನ ಪಕ್ಕ ಕೂರಿಸಿದ ಡಬ್ಬ ಟಿಕ್ ಟಿಕ್ ಎನ್ನುತ್ತದೆ, ಹತ್ತಿರ ಬಂದಷ್ಟೂ ಬೇಗ ಬೇಗ ಅನ್ನುತ್ತದೆ, ತೀರ ಹತ್ತಿರವಾದರೆ ಒಂದೇ ಸಮನೆ ಕೂಗುತ್ತದೆ.

ಮಾರನೇ ದಿನ ನಾನು ಕಂಡದ್ದು ಇದು. ಅಪ್ಪ ರಿವರ್ಸ್ ಹಾಕಿದರು. ಅದು ಟಿಕ್ ಎಂದಿತು. ಅಪ್ಪ ನಿಧಾನ ಮಾಡಿದರು. ಅದು ಕೂಗಿತು. ಅಪ್ಪ ತಟ್ಟನೆ ನಿಲ್ಲಿಸಿದರು. ಒಂದು ಗೇಣೂ ಕಳೆಯಲಿಲ್ಲ, ಅರ್ಧ ಗೇಣೂ ಕಳೆಯಲಿಲ್ಲ. ‘ಎಷ್ಟು ಕರೆಕ್ಟಾಗಿ ಹೇಳತ್ತೆ ನೋಡು’ ಎಂದು ಅಮ್ಮನ ಕಡೆ ತಿರುಗಿದರು. ಇಷ್ಟು ವರ್ಷ ಅಮ್ಮ ಹೇಳುತ್ತಿದ್ದದ್ದೂ ಇದನ್ನೇ ಅಲ್ಲವೇ, ಇಲ್ಲಿಂದ ಇಷ್ಟು, ಇನ್ನು ಸಾಕು ಎಂದು? ಅವಳಿಗೆ ಇರದ ಮರ್ಯಾದೆ ಅಂಗಡಿಯಲ್ಲಿ ಸಿಕ್ಕುವ ಒಂದು ಡಬ್ಬಕ್ಕೆ ಒಂದೇ ದಿನದಲ್ಲಿ ಸಿಕ್ಕಿತು. ನನಗೆ ಅಸಹ್ಯವಾಯಿತು. ಅಮ್ಮನಿಗೆ ಏನೂ ಆಗಲಿಲ್ಲ. ಅವಳು ಮುಂದಿನ ಸೀಟಿನಲ್ಲಿ ಕೂತು, ಮಡಿಲಲ್ಲಿ ಎರಡು ಕೈಯನ್ನೂ ಇಟ್ಟುಕೊಂಡು, ಕಾರು ಹಿಂದಕ್ಕೆ ಹೋಗುವುದನ್ನು ಮೊದಲ ಸಲ ಒಳಗಿನಿಂದ ಅನುಭವಿಸಿದಳು. ತೊಟ್ಟಿಲು ತೂಗಿದ ಹಾಗಿರುತ್ತೆ ಎಂದು ನನಗೆ ಆಮೇಲೆ ಹೇಳಿದಳು. ಇನ್ನು ಇಳಿಯುವ ಕೆಲಸವಿಲ್ಲ, ಯಾರ ಹಿಂದೆಯೂ ನಿಲ್ಲಬೇಕಾಗಿಲ್ಲ ಎಂದು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಳು. ನನ್ನ ಹಳೆಯ ಹೆದರಿಕೆಯೂ ಸ್ವಲ್ಪ ಅಡಗಿತು ಎಂದು ಒಪ್ಪಿಕೊಳ್ಳಬೇಕು.

ಆ ವರ್ಷದ ಆಯುಧಪೂಜೆ ಬಂತು. ನಮ್ಮ ಕಡೆ ಕಾರಿನ ಮುಂದೆ ಬಾಳೆಕಂದು ಕಟ್ಟುವುದು ಇದ್ದದ್ದೇ. ಅಪ್ಪನಿಗೆ ಮುಂದೆ ಕಟ್ಟಿದರೆ ಸಾಲದು, ಹಿಂದೆಯೂ ಬೇಕು. ಕಟ್ಟಿದ ಮೇಲೆ ಕೈಯಿಂದ ಬಿಚ್ಚಬಾರದು, ತಾನಾಗಿ ಒಣಗಿ ಬೀಳಬೇಕು ಎಂಬುದು ಅವರದೇ ಒಂದು ಶಾಸ್ತ್ರ. ಅಪ್ಪ ಮುಂದೆ ವಿಭೂತಿ ಎಳೆಯುತ್ತಿದ್ದಾಗ ಅಮ್ಮ ಹಿಂದೆ ಹೋಗಿ, ಕಷ್ಟಪಟ್ಟು ಬಗ್ಗಿ, ಆ ನಾಲ್ಕು ಕಣ್ಣಿಗೂ ಗಂಧ ತೇಯ್ದು ದಪ್ಪಗೆ ಹಚ್ಚಿ ಮೇಲೆ ಕುಂಕುಮ ಇಟ್ಟಳು. ಇದೇನಮ್ಮಾ ಎಂದೆ. ‘ನನ್ನ ಕೆಲಸ ಇವು ಮಾಡ್ತಿವೆ ಕಣೆ. ಇವಕ್ಕೆ ಪೂಜೆ ಮಾಡ್ದೆ ಆ ಚಕ್ರಕ್ಕೆ ಮಾಡ್ಲಾ?’ ಎಂದಳು. ನನಗೆ ಅದೂ ಸರಿಬರಲಿಲ್ಲ. ಆದರೆ ಅವಳ ಮುಖ ನೋಡಿ ಬಾಯಿಮುಚ್ಚಿಕೊಂಡೆ.

ಕಣ್ಣಿಗೆ ಗಂಧ ಮೆತ್ತಿ ಮುಂದೆ ಬಾಳೆ ಎಲೆ ಇಳಿಬಿಟ್ಟರೆ ಆ ಯಂತ್ರ ಏನು ಮಾಡಬೇಕು? ಅಪ್ಪ ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಲು ಗಾಡಿ ಹಿಂದಕ್ಕೆ ತೆಗೆದ ಕೂಡಲೇ ಅದು ಬಾಯಿಬಡಿದುಕೊಳ್ಳಲು ಶುರು ಮಾಡಿತು. ಗೇಟಿನಿಂದ ಹೊರಗೆ ಬರುವಾಗ, ದೇವಸ್ಥಾನದ ಮುಂದೆ, ಬಯಲಿನಲ್ಲಿ, ಎಲ್ಲಿ ರಿವರ್ಸ್ ಹಾಕಿದರೂ ಒಂದೇ ಸಮನೆ ಕೂಗು. ಹಬ್ಬದ ದಿನ ಇದೇನು ಅಪಶಕುನ ಎಂದು ಅಪ್ಪ ಹಲ್ಲು ಕಡಿದರು. ಎಲೆ ಸರಿಸಿದರೆ ಆಯಿತು, ಗಂಧ ಒರೆಸಿದರೆ ಆಯಿತು. ಆದರೆ ಪೂಜೆ ಮಾಡಿದ್ದನ್ನು ಒರೆಸುವುದು ಹೇಗೆ, ಕಟ್ಟಿದ ಕಂದನ್ನು ಬಿಚ್ಚುವುದು ಹೇಗೆ? ವಿಜಯದಶಮಿಯ ದಿನ ಅವರೊಬ್ಬರೇ ಚನ್ನರಾಯಪಟ್ಟಣದ ನೆಂಟರ ಮನೆಗೆ ಹೋಗಿ ಬಂದರು. ಬಂದ ಮೇಲೆ ಕಾರು ಕೂಗಲಿಲ್ಲ. ಸರಿಹೋಯಿತೇನೋ ಎಂದುಕೊಂಡೆವು. ಅವರೂ ಏನೂ ಹೇಳಲಿಲ್ಲ. ಕೇಳಬೇಕೆಂದು ನಮಗೂ ತೋಚಲಿಲ್ಲ.

ಕಂದು ಒಣಗಿತು. ಒಂದು ಭಾನುವಾರ ಬೆಳಿಗ್ಗೆ ಹಿಂದಿನ ಕಂದು ದಾರ ಸಮೇತ ಕಳಚಿ ಅಂಗಳದಲ್ಲಿ ಬಿತ್ತು. ಅಪ್ಪ ಪೇಪರ್ ಓದಿ ಮುಗಿಸಿ ಎಲ್ಲಿಗೋ ಹೊರಟು ಕಾರಿನಲ್ಲಿ ಕೂತರು. ಅಮ್ಮ ಪೊರಕೆ ಹಿಡಿದು ಕಾರಿನ ಹಿಂದೆ ಬಗ್ಗಿ ಒಣಗಿದ ಎಲೆಯ ಚೂರುಗಳನ್ನು ಒಟ್ಟು ಮಾಡುತ್ತಿದ್ದಳು, ಪೂಜೆಯ ಎಲೆ ತುಳಿಯಬಾರದೆಂದು. ಎಂಜಿನ್ ಶುರುವಾಯಿತು. ಹಿಂದಿನ ಬಿಳಿ ದೀಪ ಹತ್ತಿತು. ಹಳೇ ಅಮ್ಮನಾಗಿದ್ದರೆ ಆ ಸದ್ದಿಗೇ ಹಾರಿ ಪಕ್ಕಕ್ಕೆ ಬರುತ್ತಿದ್ದಳು. ಈ ಅಮ್ಮ ತಲೆ ಎತ್ತಿ ಒಂದು ಸಲ ಕಾರಿನ ಕಡೆ ನೋಡಿ ಮತ್ತೆ ಬಗ್ಗಿದಳು. ಅದು ಕೂಗುತ್ತದೆ, ಅವರು ನಿಲ್ಲಿಸುತ್ತಾರೆ. ಅಷ್ಟು ನಿಶ್ಚಿಂತೆ.

ನಾನು ಜಗಲಿಯಲ್ಲಿ ತಲೆ ಒಣಗಿಸಿಕೊಳ್ಳುತ್ತಿದ್ದೆ. ‘ಅಪ್ಪಾ, ನಿಲ್ಸಿ, ಅಮ್ಮ ಇದಾಳೆ’ ಎಂದು ಕೂಗಿದೆ. ಕಿಟಕಿ ತೆರೆದಿತ್ತು. ಅಪ್ಪನಿಗೆ ಕೇಳಿಸಿತು. ಕೇಳಿಸಿತು ಎಂದು ಆಣೆಯಿಟ್ಟು ಹೇಳುತ್ತೇನೆ, ಏಕೆಂದರೆ ಅವರು ನನ್ನ ಕಡೆ ಮುಖ ತಿರುಗಿಸಿ ನೋಡಿದರು. ಆ ಮುಖದಲ್ಲಿ ಗಾಬರಿ ಇರಲಿಲ್ಲ. ನಾನು ಚಿಕ್ಕವಳಿದ್ದಾಗಿನಿಂದ ನೋಡಿದ ಅದೇ ಮುಖ, ಹೆಂಗಸರ ಮಾತಿಗೆ ಸ್ವಲ್ಪ ಕಳೆಯುವ ಮುಖ. ನೋಡಿ, ಮತ್ತೆ ಮುಂದಕ್ಕೆ ತಿರುಗಿಕೊಂಡು, ಕಾಲು ಒತ್ತಿಯೇ ಇದ್ದರು. ಕಾರು ಅಮ್ಮನ ಸೊಂಟಕ್ಕೆ ತಾಗಿ ಅವಳನ್ನು ಕೆಡವಿತು. ಅವಳು ಕೂಗಿದಳು. ಆಗ ನಿಲ್ಲಿಸಿದರು.

ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು. ಅಪ್ಪನ ಮುಖ ಬಿಳುಚಿಕೊಂಡಿತ್ತು. ಅವರಿಗೆ ಸಂಕಟವಾಗಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಅವರ ಬಾಯಿಂದ ಹೊರಟ ಮೊದಲ ಮಾತು, ‘ಅದು ಕೂಗ್ಲಿಲ್ಲ ಡಾಕ್ಟ್ರೇ’ ಎಂಬುದು. ನಾನು ಕೂಗಿದ್ದೆನಲ್ಲ ಎಂದೆ. ಅದಕ್ಕೆ ಅಪ್ಪ, ಅದು ಸುಮ್ಮನಿತ್ತಲ್ಲವೇ, ನೀನು ಯಾವುದಕ್ಕೋ ಕೂಗುತ್ತಿದ್ದೀಯ ಎಂದುಕೊಂಡೆ ಎಂದರು. ಆಮೇಲೆ, ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತಾದ ಮೇಲೆ, ಅವರಿಗೆ ನೆನಪು ಬಂತು. ಚನ್ನರಾಯಪಟ್ಟಣದ ಆ ಅಂಗಡಿಯಲ್ಲಿ ಹಬ್ಬದ ಮಾರನೇ ದಿನ ಸಾಲಾಗಿ ಕಾರುಗಳು ನಿಂತಿದ್ದವಂತೆ, ಎಲ್ಲದರ ಹಿಂದೆಯೂ ಬಾಳೆಕಂದು. ‘ಎಲ್ರೂ ಇಂಗೇ ಮಾಡುಸ್ಕಂಡು ಓಯ್ತಾರೆ ಸಾ, ಕಂದು ಒಣಗ್ದ್ ಮ್ಯಾಲೆ ಬನ್ನಿ, ಆಕ್ಕೊಡ್ತೀನಿ’ ಎಂದು ಅಂಗಡಿಯವನು ಒಂದು ವೈರು ಕಿತ್ತು ಟೇಪು ಸುತ್ತಿ ಕೊಟ್ಟಿದ್ದನಂತೆ. ಅಪ್ಪ ಅದನ್ನು ಮರೆತೇಬಿಟ್ಟಿದ್ದರು. ನಮಗೆ ಹೇಳುವುದನ್ನು ಮರೆತದ್ದಲ್ಲ, ಹೇಳಬೇಕೆಂದೇ ಅವರಿಗೆ ತೋಚಿರಲಿಲ್ಲ. ಕಾರಿನ ವಿಷಯ ಹೆಂಗಸರಿಗೇಕೆ?

ನೋಡಲು ಬಂದವರ ಮಾತು ಇನ್ನೂ ಚೆನ್ನಾಗಿತ್ತು. ಕಿತ್ತಳೆ ಹಣ್ಣಿನ ಚೀಲ ಮಂಚದ ಪಕ್ಕ ಇಟ್ಟು, ಚಪ್ಪಾಳೆ ತಟ್ಟಿದ ಹಾಗೆ ಎರಡು ಕೈ ಜೋಡಿಸಿ, ಕಾರು ಶುರುವಾದ ಮೇಲೂ ಅದರ ಹಿಂದೆ ಯಾಕೆ ಹೋಗಬೇಕಿತ್ತು ನೀವು ಎಂದು ಒಬ್ಬರಾದ ಮೇಲೆ ಒಬ್ಬರು ಅಮ್ಮನನ್ನೇ ಕೇಳಿದರು. ಎದುರು ಮನೆಯ ಬ್ಯಾಂಕಿನವರೂ ಕೇಳಿದರು. ಅಷ್ಟು ವರ್ಷ ಕಾರಿನ ಹಿಂದೆಯೇ ನಿಂತವಳು ಅವಳು, ಕೆಸರಿನಲ್ಲಿ, ಸಗಣಿಯಲ್ಲಿ, ರೇಷ್ಮೆ ಸೀರೆಯಲ್ಲಿ. ಆಗ ಒಬ್ಬರೂ ಯಾಕೆ ಎಂದು ಕೇಳಿರಲಿಲ್ಲ. ನಾನು ಅವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದೆ. ಹಣ್ಣು ಕೊಳೆತು ಹೋಯಿತು, ನಾನು ಮುಟ್ಟಲಿಲ್ಲ.

ಅಮ್ಮ ಮಾತ್ರ ಯಾರನ್ನೂ ಏನೂ ಅನ್ನಲಿಲ್ಲ. ಅತ್ತಳು, ಅದು ನೋವಿಗೆ. ಅಪ್ಪ ಸೇಬು ಹೆಚ್ಚಿ ಕೊಟ್ಟರೆ ತಿನ್ನುತ್ತಿದ್ದಳು. ಒಂದು ದಿನ ಅವಳು ನನ್ನನ್ನು ಹತ್ತಿರ ಕರೆದು, ನೀನು ಕೂಗಿದ್ದು ಅವರಿಗೆ ನಿಜವಾಗಿ ಕೇಳಿಸಿತಾ ಎಂದು ಕೇಳಿದಳು. ಕೇಳಿಸಿತು, ತಿರುಗಿ ನೋಡಿದರು ಎಂದೆ. ಹಾಗಾ ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು. 

ಅವಳು ಕೋಲು ಹಿಡಿದು ನಡೆಯುವಂತಾಗುವ ಹೊತ್ತಿಗೆ ಅಪ್ಪ ತಮ್ಮ ಪ್ರಾಯಶ್ಚಿತ್ತ ಮುಗಿಸಿದ್ದರು. ವೈರು ಹಾಕಿಸಿದ್ದರು. ಅದು ಸಾಲದೆಂದು, ಇನ್ನು ಹಿಂದೆ ಇದ್ದವರಿಗೂ ಗೊತ್ತಾಗಲಿ ಎಂದು, ಒಂದು ಹಾಡಿನ ಡಬ್ಬವನ್ನೂ ಕೂರಿಸಿಕೊಂಡು ಬಂದಿದ್ದರು. ಭಜನೆಯ ಧಾಟಿ. ಒಳಗೆ ಟಿಕ್ ಟಿಕ್, ಹೊರಗೆ ಭಜನೆ. ಇಡೀ ಬೀದಿಯಲ್ಲಿ ನಮ್ಮದೇ ಜೋರು. ಅದನ್ನು ನಮಗೆ ಕೇಳಿಸುವಾಗ ಅಪ್ಪನ ಮುಖದಲ್ಲಿ ಒಂದು ಹೆಮ್ಮೆಯಿತ್ತು, ಆ ಹೆಮ್ಮೆಯನ್ನು ನೋಡಿ ನಾನು ಎದ್ದು ಒಳಗೆ ಹೋದೆ. ಕತ್ತು ಮಾತ್ರ ಆಗಲೂ ತಿರುಗುತ್ತಿರಲಿಲ್ಲ.

ಅರಕಲಗೂಡಿನ ಮಾವನ ಮಗಳಿಗೆ ಸೀಮಂತ. ಅಮ್ಮ ಹೋಗಲೇಬೇಕೆಂದಳು. ಓಣಿಯ ಬಾಯಿಂದ ನಡೆಯುವ ಶಕ್ತಿ ಅವಳಿಗೆ ಇರಲಿಲ್ಲ, ಆದ್ದರಿಂದ ಅಪ್ಪ ಒಳಗೇ ಓಡಿಸಿದರು, ಈ ಸಲ ಅದಕ್ಕೊಂದು ಕಾರಣವಾದರೂ ಇತ್ತು. ಊಟ, ಅಕ್ಷತೆ, ಎಲೆಯಡಿಕೆ ಎಲ್ಲ ಮುಗಿದು ಮಧ್ಯಾಹ್ನ ಹೊರಟೆವು. ಅಮ್ಮನನ್ನು ನಾಲ್ಕು ಜನ ಹಿಡಿದು ಮುಂದಿನ ಸೀಟಿನಲ್ಲಿ ಕೂರಿಸಿದರು. ನಾನು ಹಿಂದೆ, ಅಮ್ಮನ ಕಡೆಗೇ ಕೂತೆ. ಬಂದವರೆಲ್ಲ ಬಾಗಿಲಿನಲ್ಲೇ ಬೀಳ್ಕೊಟ್ಟು ಒಳಗೆ ಹೋದರು.

ಅಪ್ಪ ರಿವರ್ಸ್ ಹಾಕಿದರು. ಓಣಿಯ ತುಂಬ ಭಜನೆ ಎದ್ದಿತು. ಒಂದಿಷ್ಟು ದೂರ ಬಂದೆವು. ಮೋರಿ ಹತ್ತಿರವಾಯಿತು, ಹಳೇ ಕಾರಿನ ಚಕ್ರ ಇಳಿದ ಜಾಗ. ಒಳಗಿನ ಯಂತ್ರ ಸುಮ್ಮನಿತ್ತು. ಅದಕ್ಕೆ ಗೋಡೆ ತಿಳಿಯುತ್ತದೆ, ಗುಂಡಿ ತಿಳಿಯುವುದಿಲ್ಲ. ಅದು ಅಪ್ಪನಿಗೂ ಗೊತ್ತಿತ್ತೆಂದು ಕಾಣುತ್ತದೆ, ಇಲ್ಲವೇ ಆ ಜಾಗ ನೆನಪಾಗಿರಬೇಕು. ಬ್ರೇಕು ಒತ್ತಿದರು. ಎಡಗಡೆಯ ಕನ್ನಡಿ ಎಂದಿನಂತೆ ಮಡಚಿತ್ತು. ಮೋರಿ ಅಮ್ಮನ ಕಡೆಗಿತ್ತು. ಅವಳ ಕಿಟಕಿಯಿಂದ ಕೆಳಗೆ ನೋಡಿದರೆ ಮೋರಿಯ ಅಂಚೂ, ಅದಕ್ಕೂ ಚಕ್ರಕ್ಕೂ ಎಷ್ಟು ಜಾಗವಿದೆ ಎಂಬುದೂ ಚೆನ್ನಾಗಿ ಕಾಣುತ್ತಿತ್ತು.

 ನನಗೆ ಬುದ್ಧಿ ಬಂದಾಗಿನಿಂದ ಅಪ್ಪನ ಬಾಯಲ್ಲಿ ಕೇಳದೇ ಇದ್ದ ಮೆತ್ತನೆಯ ದನಿಯಲ್ಲಿ, ‘ನಿನ್ನ ಕಡೆ ಎಷ್ಟಿದೆ ನೋಡು, ಬರ್ಲಾ?’ ಎಂದರು.

ಅಮ್ಮ ಕಿಟಕಿಯಿಂದ ಕೆಳಗೆ ನೋಡಿದಳು. ನೋಡಬೇಕಾದದ್ದನ್ನು ಪೂರಾ ನೋಡಿದಳು. ಆಮೇಲೆ ಮುಂದಕ್ಕೆ ತಿರುಗಿ, ಕೋಲನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡು, ಸುಮ್ಮನೆ ಕೂತಿದ್ದ ಆ ಟಿಕ್ ಟಿಕ್ ಡಬ್ಬದ ಕಡೆ ಗದ್ದ ಎತ್ತಿ ತೋರಿಸಿದಳು.

‘ಅದನ್ನೇ ಕೇಳಿ’ ಎಂದಳು.

ಅಪ್ಪ ಕನ್ನಡಿಯಲ್ಲಿ ನನ್ನನ್ನು ಹುಡುಕಿದರು. ನನಗೂ ಮೋರಿ ಕಾಣುತ್ತಿತ್ತು. ನಾನೂ ಬಾಯಿ ಬಿಡಲಿಲ್ಲ. ಅವರು ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಕೂತೇ ಇದ್ದರು, ಹೊರಗೆ ಭಜನೆ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು.